ಮೇಸ್ತ್ರಿ ಹೊರಗೆ, ದುಭಾಷಿ ಒಳಗೆ: ನನ್ನ ಅನುಭವ

ಬಳ್ಳಾರಿಯಲ್ಲಿ ದುಭಾಷಿ ಕೆಲಸಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು ಕೇಳಿದರೆ ಯಾರೂ ಕೊಡುವುದಿಲ್ಲ ಎಂದು ನನಗೆ ಹೇಳದವರೇ ಇಲ್ಲ. "ಇಲ್ಲಿ ಆಟೋದವನಿಗೂ ಮೂರು ಭಾಷೆ ಬರ್ತಾವಲ್ಲಪ್ಪ, ನಿನಗ್ಯಾಕೆ ಗಂಟೆ ಲೆಕ್ಕ?" ಎಂದು ಒಬ್ಬ ವಕೀಲರು ನಕ್ಕಿದ್ದರು. ಅವರ ಮಾತೇನೂ ಸುಳ್ಳಲ್ಲ. ಕೌಲ್ ಬಜಾರಿನಲ್ಲಿ ಬೆಳೆದವರಿಗೆ ಕನ್ನಡ, ತೆಲುಗು, ದಖನಿ ಸುಮ್ನೆ ಬರುತ್ತವೆ. ಸಂಡೂರು ಕಡೆಯವರಾದರೆ ಲಂಬಾಣಿಯೂ ಸೇರುತ್ತದೆ. ಈಗ ಅದೇ ವಕೀಲರು ಎರಡು ದಿನ ಮೊದಲೇ ಫೋನ್ ಮಾಡಿ ನನ್ನ ಸಮಯ ಕೇಳುತ್ತಾರೆ. ಜಂಬ ಅನ್ನಿಸಿದರೆ ಅನ್ನಿಸಲಿ.

ನಾನು ಓಡಾಡುವುದು ತೋರಣಗಲ್ಲಿನಿಂದ ಕೊಪ್ಪಳದ ಗಿಣಿಗೇರಾವರೆಗೆ. ಉಕ್ಕು, ಸ್ಪಾಂಜ್ ಐರನ್ ಕೆಲಸಕ್ಕೆ ಬಿಹಾರ, ಜಾರ್ಖಂಡ್, ಒಡಿಶಾದಿಂದ ಬಂದ ಹುಡುಗರು. ಪೆಟ್ಟಾದರೆ ಆಸ್ಪತ್ರೆಗೆ ಕರೆತರುವವನು ಗುತ್ತಿಗೆದಾರನ ಮೇಸ್ತ್ರಿ. ಅವನಿಗೆ ಹಿಂದಿಯೂ ಬರುತ್ತದೆ, ಕನ್ನಡವೂ ಬರುತ್ತದೆ. ಹಾಗಾಗಿ ವೈದ್ಯರಿಗೂ ಪೊಲೀಸರಿಗೂ ಅವನೇ ದುಭಾಷಿ. ಸಂಬಳ ಕೊಡುವವನ ಕಡೆಯ ಮನುಷ್ಯ ಗಾಯಾಳುವಿನ ಬಾಯಿ ಆಗುತ್ತಾನೆ. ಇದು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ.

ಒಂದು ಪ್ರಕರಣ ಹೇಳುತ್ತೇನೆ. ಸುಮಾರು ಮೂವತ್ತರ ಹುಡುಗ. ಕನ್ವೇಯರ್ ಬೆಲ್ಟಿನ ಹಿಂತುದಿಯ ರಾಟೆಗೆ (ಟೇಲ್ ಪುಲ್ಲಿ) ಕೈ ಸಿಕ್ಕಿ ನಾಲ್ಕು ಬೆರಳು ಹೋಗಿತ್ತು. ರೋಲರ್ ಬದಲಿಸಿದಾಗಿನಿಂದ ಗಾರ್ಡ್, ಅಂದರೆ ಕೈ ಸಿಗದಂತೆ ಹಾಕುವ ಮರೆ, ಪಕ್ಕದಲ್ಲೇ ಬಿದ್ದಿತ್ತು, ಯಾರೂ ಮತ್ತೆ ಹಾಕಿರಲಿಲ್ಲ ಎಂದು ಅವನು ಹೇಳುತ್ತಿದ್ದ. ಮೇಸ್ತ್ರಿ ದಾಟಿಸಿದ್ದು, "ಕ್ಲೀನ್ ಮಾಡೋಕೆ ಗಾರ್ಡ್ ತೆಗೆದಿದ್ದನಂತೆ ಸಾರ್." ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿ ಇಲ್ಲದ ಸಣ್ಣ ಘಟಕ ಅದು. ಹಾಗಾಗಿ ವಿಷಯ ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಗೆ ಬರುತ್ತಿತ್ತು. ಸಾವು ಅಥವಾ ಶಾಶ್ವತ ಪೂರ್ಣ ಅಂಗವಿಕಲತೆ ಆಗದಿದ್ದು, ಕಾರ್ಮಿಕ ಬೇಕಂತಲೇ ಗಾರ್ಡ್ ತೆಗೆದಿದ್ದ ಎಂದು ಸಾಬೀತಾದರೆ ಆ ಕಾಯ್ದೆಯಲ್ಲಿ ಮಾಲೀಕ ಒಂದು ರೂಪಾಯಿಯನ್ನೂ ಕೊಡಬೇಕಿರಲಿಲ್ಲ. ಗಾರ್ಡ್ ಮೊದಲೇ ಬಿದ್ದಿತ್ತು ಅಂದರೆ? 2020ರ ಜನವರಿಯಿಂದ ಆ ಕಾಯ್ದೆಯಲ್ಲಿ ಲೆಕ್ಕಕ್ಕೆ ಹಿಡಿಯುತ್ತಿದ್ದ ತಿಂಗಳ ಸಂಬಳದ ಮಿತಿ 15,000 ಇತ್ತು. ಅದರಲ್ಲಿ ಶೇ. 60 ಅಂದರೆ 9,000. ಕಾಯ್ದೆಯ ಪಟ್ಟಿಯಲ್ಲಿ ಮೂವತ್ತು ವಯಸ್ಸಿಗೆ ಇದ್ದ ಗುಣಕ 207.98. ಒಂದು ಕೈಯ ನಾಲ್ಕು ಬೆರಳು ಹೋದರೆ ದುಡಿಯುವ ಶಕ್ತಿಯ ನಷ್ಟ ಶೇ. 50. ಎಲ್ಲ ಗುಣಿಸಿದರೆ ಒಂಬತ್ತು ಲಕ್ಷದ ಮೂವತ್ತೈದು ಸಾವಿರದ ಮೇಲೆ. ಮೇಸ್ತ್ರಿಯ ಮಾತು ಕಾಗದಕ್ಕೆ ಇಳಿಯುವ ಮೊದಲು ನಾನು ಅಲ್ಲಿದ್ದೆ. ಹುಡುಗನಿಗೆ ಕೊನೆಗೆ ಹತ್ತಿರ ಹತ್ತಿರ ಅಷ್ಟೇ ಬಂತು.

ಅಲ್ಲಿಯವರೆಗೆ ಮಾಡಿ ನೋಡಿದ್ದೆಲ್ಲ ಮಣ್ಣುಪಾಲಾಗಿತ್ತು. ಮೊದಲು ನೋಟ್‌ಬುಕ್ ಹಿಡಿದು ಪೂರ್ತಿ ಕೇಳಿ ಕೊನೆಗೆ ಓದುತ್ತಿದ್ದೆ. ಓಪಿಡಿಯಲ್ಲಿ ಅಷ್ಟು ಹೊತ್ತು ಯಾರಿಗಿದೆ? ವೈದ್ಯರು ಮುಂದಿನ ಚೀಟಿ ಕರೆದುಬಿಡುತ್ತಿದ್ದರು. ಆಮೇಲೆ ಕಿವಿಯಲ್ಲಿ ಪಿಸುಗುಟ್ಟುವ ಪದ್ಧತಿ. ವಾರ್ಡಿನ ಗದ್ದಲದಲ್ಲಿ ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ. ಮೊಬೈಲ್ ಆ್ಯಪ್ ಕೂಡ ಇಟ್ಟು ನೋಡಿದೆ. ಶುದ್ಧ ಹಿಂದಿ ಆದರೆ ಪರವಾಗಿಲ್ಲ. ನೋವಿನಲ್ಲಿ ನರಳುವ ಭೋಜಪುರಿಗೆ ಅದು ಏನೇನೋ ಬರೆಯಿತು.

ಈಗ ಹೀಗೆ ಮಾಡುತ್ತೇನೆ. ಗಾಯಾಳುವಿನ ಹೆಗಲ ಹಿಂದೆ ಕೂರುತ್ತೇನೆ. ಆಗ ವೈದ್ಯರು ನನ್ನನ್ನು ಬಿಟ್ಟು ಅವನನ್ನು ನೋಡಿ ಮಾತಾಡುತ್ತಾರೆ. ಎರಡೆರಡು ವಾಕ್ಯಕ್ಕೆ ತಡೆದು ದಾಟಿಸುತ್ತೇನೆ. ಅವನು "ನನಗೆ ತಲೆ ಸುತ್ತಿತು" ಅಂದರೆ ನಾನೂ "ನನಗೆ" ಎಂದೇ ಹೇಳುತ್ತೇನೆ, "ಇವನಿಗಂತೆ" ಅನ್ನುವುದಿಲ್ಲ. ಬೈದರೆ ಬೈಗುಳವೂ ದಾಟುತ್ತದೆ. ಕೋರ್ಟಿನಲ್ಲಿ ಇದಕ್ಕೆ ಜಾಸ್ತಿ ಗೇಲಿ ಆಯಿತು. "ಹಂಗಾದ್ರೆ ಕೈ ಹೋಗಿದ್ದು ನಿಂದಾ?" ಎಂದು ಕೇಳಿದವರಿದ್ದಾರೆ. 1969ರ ಪ್ರಮಾಣ ಕಾಯ್ದೆಯ ಪ್ರಕಾರ ಸಾಕ್ಷಿಯ ಹಾಗೆ ದುಭಾಷಿಯೂ ಪ್ರಮಾಣ ಮಾಡಬೇಕು. ನಾನೇ ಕೇಳಿಕೊಂಡು ಪ್ರಮಾಣ ಮಾಡಲು ಶುರು ಮಾಡಿದ ಮೇಲೆ ಗೇಲಿ ತಾನಾಗಿ ಕಡಿಮೆಯಾಯಿತು.

ಮೇಸ್ತ್ರಿಯನ್ನು ಹೊರಗೆ ಕಳಿಸುವುದು ಹೇಗೆ? ಜಗಳ ಆಡಬಾರದು. ಎಕ್ಸ್‌ರೇ ತರಲು, ಬಿಲ್ ಕೌಂಟರಿಗೆ ಹೋಗಲು ಸಿಸ್ಟರ್ ಕೈಯಲ್ಲಿ ಹೇಳಿಸಿದರೆ ಅರ್ಧ ಕೆಲಸ ಆಯಿತು. ಅದಕ್ಕೂ ಜಗ್ಗದವನಿಗೆ ಇನ್ನೊಂದು ಉಪಾಯ ಇದೆ. ಅದನ್ನು ಬರೆದರೆ ನಾಳೆ ಮೇಸ್ತ್ರಿಗಳೂ ಓದುತ್ತಾರೆ, ಬೇಡ.

ನೋವು ಅಳೆಯುವ ಪ್ರಶ್ನೆಯಲ್ಲಿ ಒಂದು ಪ್ರಯೋಗ ನಡೆಯಿತು. ಹತ್ತಕ್ಕೆ ಎಷ್ಟು ನೋವು ಎಂದು ಕೇಳಿದರೆ ಬಹಳ ಜನ ವೈದ್ಯರ ಮುಖ ನೋಡಿ ಒಂದು ಸಂಖ್ಯೆ ಹೇಳುತ್ತಾರೆ. ಪ್ರಶ್ನೆ ಬದಲಿಸುವ ಹಕ್ಕು ನನಗಿಲ್ಲ. ಆದರೆ "ಸಾರ್, ಲುಂಗಿ ಕಟ್ಟಿಕೊಳ್ಳೋಕೆ ಆಗುತ್ತಾ, ರೊಟ್ಟಿ ಮುರಿಯೋಕೆ ಆಗುತ್ತಾ ಅಂತ ಕೇಳಿ ನೋಡ್ತೀರಾ?" ಎಂದು ಒಬ್ಬ ಮೂಳೆ ವೈದ್ಯರಿಗೆ ಸೂಚಿಸಿದೆ. ಅವರು ಈಗ ಹಾಗೇ ಕೇಳುತ್ತಾರೆ. ಮೊಬೈಲಿನಲ್ಲಿ ಯಂತ್ರದ ಭಾಗಗಳ ಫೋಟೋ ಇಟ್ಟುಕೊಂಡದ್ದೂ ಲಾಭವಾಯಿತು. ಎಲ್ಲಿ ಸಿಕ್ಕಿತು ಎಂದರೆ ಬೆರಳಿಟ್ಟು ತೋರಿಸುತ್ತಾರೆ.

ಇನ್ನು ದುಡ್ಡು. ಶುರುವಿನಲ್ಲಿ ಮುನ್ನೂರು ಕೊಟ್ಟರೆ ಹೆಚ್ಚು, ಎಷ್ಟೋ ಸಲ ಚಹಾ ಕುಡಿಸಿ ಕಳಿಸುತ್ತಿದ್ದರು. ಒಬ್ಬ ಗುತ್ತಿಗೆದಾರರಿಂದ ಹದಿನೈದು ಸಾವಿರದಷ್ಟು ಇನ್ನೂ ಬರಬೇಕು, ಬರುವುದಿಲ್ಲ. ಆಮೇಲಿಂದ ಗುತ್ತಿಗೆದಾರರ ಕೈಯಿಂದ ದುಡ್ಡು ಮುಟ್ಟುವುದನ್ನೇ ಬಿಟ್ಟೆ. ಗಾಯಾಳುವಿನ ವಕೀಲರು ಇಲ್ಲವೇ ವಿಮೆಯವರು, ಅವರೇ ನನಗೆ ಗಿರಾಕಿ. ಆಸ್ಪತ್ರೆಗಾದರೆ ಗಂಟೆಗೆ ಐನೂರು, ಕೋರ್ಟಿಗೆ ಅರ್ಧ ದಿನಕ್ಕೆ ಎರಡು ಸಾವಿರದ ಆಸುಪಾಸು, ಬಸ್ ಖರ್ಚು ಬೇರೆ. ಅರ್ಧ ಮುಂಗಡ. ಪರಿಹಾರದಲ್ಲಿ ಶೇ. 10 ಕೊಡುತ್ತೇವೆ ಎಂದು ಬಂದವರನ್ನು ಬಾಗಿಲಲ್ಲೇ ಕಳಿಸಿದ್ದೇನೆ. ಪಾಲು ಸಿಗುತ್ತದೆ ಅಂದರೆ ನನ್ನ ನಾಲಿಗೆಯೂ ಮೇಸ್ತ್ರಿಯ ನಾಲಿಗೆಯೇ ಆಗುತ್ತದೆ, ಅಲ್ವಾ?

ಜಾರ್ಖಂಡ್, ಒಡಿಶಾ ಕಡೆಯ ಬುಡಕಟ್ಟು ಭಾಷೆಗಳಾದ ಸಂತಾಲಿ, ಹೋ ಮಾತಾಡುವವರು ಬಂದರೆ ನನ್ನೊಬ್ಬನಿಂದ ಆಗುವುದಿಲ್ಲ. ಆ ಕಡೆಯ ಒಬ್ಬರು ಫೋನಿನಲ್ಲಿ ಹಿಂದಿಗೆ ತರುತ್ತಾರೆ, ನಾನು ಕನ್ನಡಕ್ಕೆ ತರುತ್ತೇನೆ. ಸಮಯ ಎರಡರಷ್ಟು ಹಿಡಿಯುತ್ತದೆ, ಆದರೂ ನಡೆಯುತ್ತದೆ. ಅಂಥವರನ್ನು ಎಲ್ಲಿ ಹುಡುಕುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ. ಅವರಿಗೆ ನಾನು ಕೊಡುವುದು ನನಗೆ ಸಿಕ್ಕಿದ್ದರಲ್ಲಿ ಅರ್ಧ, ಅದೇ ಸಂಜೆ ಫೋನ್‌ಪೇಯಲ್ಲಿ. ಅದಕ್ಕೇ ಹೊಲದಲ್ಲಿದ್ದರೂ ನನ್ನ ಫೋನ್ ಎತ್ತುತ್ತಾರೆ.