ಹೆಬ್ಬೆಟ್ಟಿಗೂ ಬೀಗ ಹಾಕಿ

ಒಟಿಪಿ ಯಾರಿಗೂ ಹೇಳಬೇಡಿ ಎಂಬ ಮಾತು ಮನೆಮನೆಗೂ ತಲುಪಿದೆ. ಆದರೆ ಒಟಿಪಿಯ ಗೊಡವೆಯೇ ಇಲ್ಲದೆ ಹಣ ತೆಗೆಯುವ ದಾರಿಯೊಂದಿದೆ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ, ಅಂದರೆ ಎಇಪಿಎಸ್‌ನಲ್ಲಿ, ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇವಿಷ್ಟಿದ್ದರೆ ಒಂದು ಸಲಕ್ಕೆ 10,000 ರೂಪಾಯಿವರೆಗೂ ತೆಗೆಯಬಹುದು. ಬ್ಯಾಂಕ್ ಶಾಖೆಯಿಲ್ಲದ ಹಳ್ಳಿಗಳಿಗೆ ಇದು ದೊಡ್ಡ ಅನುಕೂಲ. ವಂಚಕರು ಹಿಡಿದದ್ದೂ ಇದೇ ದಾರಿಯನ್ನು. 2023ರಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಗಳಿಂದ ಹೀಗೆ ಹಣ ಹೋಯಿತು. ಕ್ರಯಪತ್ರದ ಮೇಲಿದ್ದ ಬೆರಳಚ್ಚನ್ನೇ ನಕಲು ಮಾಡಿ ಬಳಸಿದ ದೂರುಗಳವು.

ಪಿನ್ ಸೋರಿದರೆ ಬದಲಿಸಿಕೊಳ್ಳಬಹುದು, ಬೆರಳನ್ನು ಬದಲಿಸಲಾಗದು. ಅದಕ್ಕೇ ಆಧಾರ್ ಪ್ರಾಧಿಕಾರ, ನೀವು ತೆರೆಯುವ ತನಕ ನಿಮ್ಮ ಬೆರಳಚ್ಚು ಎಲ್ಲೂ ನಡೆಯದಂತೆ ತಡೆಯುವ ಬಯೋಮೆಟ್ರಿಕ್ ಲಾಕ್ ಎಂಬ ಸೌಲಭ್ಯ ಕೊಟ್ಟಿದೆ, ಅದೂ ಉಚಿತವಾಗಿ. ಕೇಳಿದ ದಿನವೇ ಉತ್ಸಾಹದಿಂದ ಲಾಕ್ ಮಾಡಿ, ಮುಂದಿನ ತಿಂಗಳು ನ್ಯಾಯಬೆಲೆ ಅಂಗಡಿಯಿಂದ ಅಕ್ಕಿ ಸಿಗದೆ ವಾಪಸಾಗಿ, ಸಿಟ್ಟಿನಲ್ಲಿ ಅದನ್ನು ಶಾಶ್ವತವಾಗಿ ತೆರೆದುಬಿಟ್ಟವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ತಪ್ಪುವುದು ಲಾಕ್ ಮಾಡುವಲ್ಲಿ ಅಲ್ಲ, ತೆರೆಯುವಲ್ಲಿ.

ಹಂತ 1: ಆಧಾರ್‌ಗೆ ಜೋಡಣೆಯಾಗಿರುವ ಮೊಬೈಲ್ ಸಂಖ್ಯೆ ಈಗಲೂ ಬಳಕೆಯಲ್ಲಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಮೊದಲು ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ ಹೊಸ ಸಂಖ್ಯೆ ಸೇರಿಸಿ. ಅದಿಲ್ಲದೆ ಮುಂದಿನದ್ಯಾವುದೂ ಆಗುವುದಿಲ್ಲ.

ಹಂತ 2: ನಿಮ್ಮದೇ ಫೋನಿನಲ್ಲಿ ‘ಮೈಆಧಾರ್’ ಜಾಲತಾಣ ತೆರೆದು, ಒಟಿಪಿ ಕೊಟ್ಟು ಒಳಹೋಗಿ, ‘ಲಾಕ್/ಅನ್‌ಲಾಕ್ ಬಯೋಮೆಟ್ರಿಕ್ಸ್’ ಒತ್ತಿ, ಒಪ್ಪಿಗೆ ಕೊಡಿ. ಎರಡು ನಿಮಿಷದ ಕೆಲಸ. ಯಾರೋ ಕಳುಹಿಸಿದ ಲಿಂಕ್ ಒತ್ತಿ ಮಾತ್ರ ಹೋಗಬೇಡಿ. ಸೈಬರ್ ಅಂಗಡಿಯಲ್ಲಿ ಮಾಡಿಸಲೂ ಬೇಡಿ. ಬೀಗ ಹಾಕಲು ಹೋಗಿ ಆಧಾರ್ ಸಂಖ್ಯೆ, ಒಟಿಪಿ ಎರಡನ್ನೂ ಅಪರಿಚಿತರಿಗೆ ಒಪ್ಪಿಸಿದಂತಾಗುತ್ತದೆ.

ಅಲ್ಲೇ ‘ಲಾಕ್/ಅನ್‌ಲಾಕ್ ಆಧಾರ್’ ಎಂಬ ಇನ್ನೊಂದು ಆಯ್ಕೆ ಕಾಣುತ್ತದೆ. ಅದು ಬೇರೆ. ಅದು ನಿಮ್ಮ 12 ಅಂಕಿಯ ಸಂಖ್ಯೆಯನ್ನೇ ಮುಚ್ಚುತ್ತದೆ, ಮತ್ತೆ ತೆರೆಯಲು ಆಧಾರ್ ಸಂಖ್ಯೆಯ ಬದಲಿಗೆ ಬಳಸುವ 16 ಅಂಕಿಯ ವರ್ಚುವಲ್ ಐಡಿ ಬೇಕು. ಆ ಐಡಿಯನ್ನು ಜೋಪಾನ ಮಾಡುವ ಅಭ್ಯಾಸವಿಲ್ಲದವರು ಅದರ ತಂಟೆಗೇ ಹೋಗಬಾರದು.

ಹಂತ 3: ಬೇಕಾದಾಗ ತೆರೆಯುವುದು. ಲಾಕ್ ಆದ ಮೇಲೆ ಬೆರಳಚ್ಚು ಮಾತ್ರವಲ್ಲ, ಕಣ್ಣಿನ ಪಾಪೆ, ಮುಖದ ಗುರುತೂ ನಡೆಯುವುದಿಲ್ಲ. ಪಡಿತರ, ಪಿಂಚಣಿದಾರರ ಡಿಜಿಟಲ್ ಜೀವನ ಪ್ರಮಾಣಪತ್ರ, ಬೆರಳಚ್ಚು ಕೊಟ್ಟು ಪಡೆಯುವ ಸಿಮ್, ಎಲ್ಲಕ್ಕೂ ತೆರೆಯಲೇಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ಆಗುವುದು ಇಷ್ಟು: ಅಜ್ಜಿ ಯಂತ್ರದ ಮೇಲೆ ಬೆರಳಿಡುತ್ತಾರೆ, ಯಂತ್ರ ಒಪ್ಪುವುದಿಲ್ಲ. ‘ಬೆರಳು ಸವೆದಿದೆ, ಒರೆಸಿಕೊಂಡು ಇಡಿ ಅಮ್ಮ’ ಎನ್ನುತ್ತಾರೆ ಅಂಗಡಿಯವರು. ಅಜ್ಜಿ ಸೆರಗಿಗೆ ಒರೆಸುತ್ತಾರೆ, ಬೇರೆ ಬೆರಳು ಇಡುತ್ತಾರೆ, ಹತ್ತು ಬೆರಳೂ ಮುಗಿಯುತ್ತವೆ. ಯಂತ್ರದಲ್ಲಿ 330 ಎಂಬ ದೋಷ ಸಂಖ್ಯೆ ಬಂದಿದ್ದರೆ ಬೆರಳಿನ ತಪ್ಪಿಲ್ಲ, ಲಾಕ್ ಇನ್ನೂ ಇದೆ ಎಂದರ್ಥ.

ತೆರೆಯುವಾಗ ಎರಡು ಆಯ್ಕೆಗಳು ಬರುತ್ತವೆ: ತಾತ್ಕಾಲಿಕ ಮತ್ತು ಶಾಶ್ವತ. ಯಾವಾಗಲೂ ತಾತ್ಕಾಲಿಕವನ್ನೇ ಒತ್ತಿ. ಅದು ಸುಮಾರು ಹತ್ತು ನಿಮಿಷ ತೆರೆದಿದ್ದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಮನೆಯಲ್ಲೇ ತೆರೆದು ಹೊರಟರೆ ಅಂಗಡಿ ತಲುಪುವ ಹೊತ್ತಿಗೆ ಮುಚ್ಚಿರುತ್ತದೆ. ಸರದಿಯಲ್ಲಿ ನಿಮ್ಮ ಮುಂದೆ ಒಬ್ಬರೋ ಇಬ್ಬರೋ ಉಳಿದಾಗ ತೆರೆಯಿರಿ. ಸರ್ವರ್ ನಿಂತಿದೆಯೇ ಎಂದು ಮೊದಲು ಕೇಳಿಕೊಳ್ಳಿ. ಅಷ್ಟರಲ್ಲಿ ಮುಚ್ಚಿಕೊಂಡರೂ ಚಿಂತೆಯಿಲ್ಲ, ಮತ್ತೆ ತೆರೆಯಬಹುದು.

ನಿಜವಾದ ತೊಡಕು ಇನ್ನೊಂದು. ಊರಿನ ಎಷ್ಟೋ ಹಿರಿಯರ ಆಧಾರ್‌ಗೆ ಜೋಡಿಸಿರುವುದು ಬೆಂಗಳೂರಿನಲ್ಲಿರುವ ಮಗನ ಸಂಖ್ಯೆಯನ್ನು. ಒಟಿಪಿ ಅಲ್ಲಿ, ಬೆರಳು ಇಲ್ಲಿ. ಅಂಥ ಮನೆಗಳಲ್ಲಿ ಪಡಿತರದ ದಿನ ಮಗನೇ ಫೋನಿನಲ್ಲಿ ಸಿಕ್ಕು ತನ್ನ ಕಡೆಯಿಂದ ತೆರೆದುಕೊಡಬೇಕು. ಇದಕ್ಕಿಂತ ಸುಲಭದ ದಾರಿ, ಕೈಯಲ್ಲೇ ಫೋನ್ ಇರುವ, ಪಡಿತರ ಚೀಟಿಯಲ್ಲಿ ಹೆಸರಿರುವ ಇನ್ನೊಬ್ಬ ಸದಸ್ಯರು ಹೋಗಿ ಬೆರಳು ಕೊಡುವುದು. ಅಂಗಡಿಯಲ್ಲಿ ಸಹಾಯಕ್ಕೆ ಬಂದ ಅಪರಿಚಿತರಿಗೆ ಫೋನ್ ಕೊಡುವುದಂತೂ ಬೇಡವೇ ಬೇಡ.

ಲಾಕ್ ಮಾಡಿದರೆ ಗೃಹಲಕ್ಷ್ಮಿ ಹಣ ನಿಲ್ಲುತ್ತದೆ ಎಂದು ಹೆದರುವವರಿದ್ದಾರೆ. ನಿಲ್ಲುವುದಿಲ್ಲ. ಖಾತೆಗೆ ಹಣ ಜಮೆಯಾಗಲು ಬೆರಳಚ್ಚು ಬೇಕಿಲ್ಲ. ಬ್ಯಾಂಕ್ ಮಿತ್ರರ ಬಳಿ ಹೆಬ್ಬೆಟ್ಟು ಒತ್ತಿ ಅದನ್ನು ತೆಗೆಯುವಾಗ ಮಾತ್ರ ತಾತ್ಕಾಲಿಕವಾಗಿ ತೆರೆಯಬೇಕು.

ಹಂತ 4: ಅದೇ ಜಾಲತಾಣದಲ್ಲಿ ‘ಅಥೆಂಟಿಕೇಶನ್ ಹಿಸ್ಟರಿ’ ನೋಡಿ. ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತು ಎಂಬುದು ಅಲ್ಲಿರುತ್ತದೆ. ನೀವು ಮನೆಯಲ್ಲಿದ್ದ ದಿನ ಎಲ್ಲೋ ಬೆರಳಚ್ಚಿನ ಬಳಕೆ ಕಂಡರೆ ಕೂಡಲೇ ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ.

ಹಂತ 5: ಜೆರಾಕ್ಸ್ ಕೊಡುವಾಗ ಮಾಸ್ಕ್ ಆಧಾರ್ ಕೊಡಿ. ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿ ಅದು, ಲಾಡ್ಜ್, ಬಾಡಿಗೆ ಮನೆಗಳಿಗೆ ಬೇಕಾದಷ್ಟು. ಆಧಾರ್ ಫೈಲನ್ನು ಜೆರಾಕ್ಸ್ ಅಂಗಡಿಯ ವಾಟ್ಸ್ಆ್ಯಪ್‌ಗೆ ಕಳುಹಿಸುವುದನ್ನು ಬಿಡಿ. ಅದರ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ನಿಮ್ಮನ್ನು ಬಲ್ಲವರಿಗೆ ಅದು ಗುಟ್ಟೇ ಅಲ್ಲ. ಅಂಗಡಿಗಳಲ್ಲಿ ಮುದ್ರಿಸಿಕೊಡುವ ಪ್ಲಾಸ್ಟಿಕ್ ‘ಸ್ಮಾರ್ಟ್’ ಕಾರ್ಡನ್ನೂ ಕೊಳ್ಳಬೇಡಿ. ಪ್ಲಾಸ್ಟಿಕ್ ಕಾರ್ಡೇ ಬೇಕಿದ್ದರೆ ಪ್ರಾಧಿಕಾರದಿಂದಲೇ ತರಿಸಿಕೊಳ್ಳಿ, ಅಂಚೆಯಲ್ಲಿ ಮನೆಗೆ ಬರುತ್ತದೆ.

ಹಂತ 6: ದೂರಸಂಪರ್ಕ ಇಲಾಖೆಯ ‘ಸಂಚಾರ ಸಾಥಿ’ ಜಾಲತಾಣದಲ್ಲಿ ನಿಮ್ಮ ಹೆಸರಿನ ಸಿಮ್‌ಗಳೆಷ್ಟು ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಿ. ಸಾಲದ ಲೆಕ್ಕ ಇಡುವ, ಸಿಬಿಲ್ ಸೇರಿ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ಸಾಲ ವರದಿಯನ್ನು ಉಚಿತವಾಗಿ ಕೊಡಬೇಕು. ನಿಮ್ಮ ಪ್ಯಾನ್ ಮೇಲೆ ಬೇರೆಯವರು ಸಾಲ ಎತ್ತಿದ್ದರೆ ಅದರಲ್ಲಿ ತಿಳಿಯುತ್ತದೆ.

ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಅಂದೇ ಬ್ಯಾಂಕಿಗೆ ಹೋಗಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂತೆ, ನಿಮ್ಮದಾಗಲೀ ಬ್ಯಾಂಕಿನದಾಗಲೀ ತಪ್ಪಿಲ್ಲದೆ ನಡೆದ ವಂಚನೆಯನ್ನು ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಬರಹದಲ್ಲಿ ದೂರು ಕೊಡಿ, ಪಾಸ್‌ಬುಕ್ ಪುಟದ ಮತ್ತು ಅಥೆಂಟಿಕೇಶನ್ ಹಿಸ್ಟರಿಯ ಪ್ರತಿ ಲಗತ್ತಿಸಿ, ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಸೀಲು ಹಾಕಿಸಿಕೊಂಡೇ ಹೊರಬನ್ನಿ.