ಮೇನಲ್ಲಿ ಬೀಜ, ನವೆಂಬರಿನಲ್ಲಿ ತೆನೆ

ಬೆಳೆದದ್ದರಲ್ಲಿ ಒಂದು ಪಾಲನ್ನು ಚರ್ಚಿಗೆ ತಂದು ಅರ್ಪಿಸುವ ಸುಗ್ಗಿ ಹಬ್ಬವನ್ನು ಯಾವ ಭಾನುವಾರ ಇಡಬೇಕು ಅನ್ನುವುದೇ ನಮ್ಮ ಪಾಸ್ಟರೇಟ್ ಕಮಿಟಿಯಲ್ಲಿ (ಚರ್ಚಿನ ಆಡಳಿತ ಸಮಿತಿಯಲ್ಲಿ) ಪ್ರತಿ ವರ್ಷದ ಮೊದಲ ಜಗಳ. ನಮ್ಮದು ದಾವಣಗೆರೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕ್ರೈಸ್ತ ಸಭೆ. ಚರ್ಚು ಊರೊಳಗೆ ಇದ್ದರೂ ಸುತ್ತಲಿನ ಹಳ್ಳಿಗಳಿಂದ ಬರುವವರು ಬಹಳ. ನನಗೆ ಬೀಜ-ಗೊಬ್ಬರದ ಅಂಗಡಿ ಇದೆ. ಇವನಿಗೆ ಹೊಲದ ಲೆಕ್ಕ ಗೊತ್ತು ಅಂತ ಹಬ್ಬದ ಉಸ್ತುವಾರಿಯನ್ನು ನನ್ನ ತಲೆಗೇ ಕಟ್ಟಿದ್ದಾರೆ.

ಮೊದಲು ಸೆಪ್ಟೆಂಬರ್ ಕೊನೆಗೆ ಹಬ್ಬ ಮಾಡುತ್ತಿದ್ದರು. ಅದು ಇಂಗ್ಲೆಂಡಿನ ಗೋಧಿ ಕೊಯ್ಲಿನ ಲೆಕ್ಕ. ಕಾರ್ನ್‌ವಾಲ್ ಸೀಮೆಯ ಮಾರ್ವೆನ್‌ಸ್ಟೋ ಹಳ್ಳಿಯಲ್ಲಿ ರಾಬರ್ಟ್ ಸ್ಟೀಫನ್ ಹಾಕರ್ ಎಂಬ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ) ಪಾದ್ರಿ 1843ರ ಅಕ್ಟೋಬರಿನಲ್ಲಿ ಜನರನ್ನು ಕರೆದು ಕೊಯ್ಲಿನ ಸ್ತೋತ್ರಾರಾಧನೆ ಮಾಡಿದರು. ಅಲ್ಲಿಂದ ಅದು ಚರ್ಚಿನಿಂದ ಚರ್ಚಿಗೆ ಹಬ್ಬಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮುಂತಾದ ಸಭೆಗಳು ಸೇರಿ ಸಿಎಸ್‌ಐ ಆಯಿತಲ್ಲ, ಆಗ ಇಂಥ ಪದ್ಧತಿಗಳೂ ಜೊತೆಗೇ ಬಂದವು. ಅದರಲ್ಲಿ ತಪ್ಪೇನಿಲ್ಲ. ಆದರೆ ಸೆಪ್ಟೆಂಬರಿನಲ್ಲಿ ನಮ್ಮ ಕಡೆ ಮೆಕ್ಕೆಜೋಳ ಇನ್ನೂ ಹಸಿರಾಗಿ ನಿಂತಿರುತ್ತದೆ. ಭದ್ರಾ ನಾಲೆಯ ಬತ್ತ ತೆನೆ ಬಿಡುವ ಹಂತದಲ್ಲಿ ಇರುತ್ತದೆ. ಜನ ಅರ್ಪಿಸಲು ಏನು ತರಬೇಕು? ಮಾರ್ಕೆಟ್‌ನಿಂದ ಸೇಬು, ಕಿತ್ತಳೆ ಕೊಂಡು ತರುತ್ತಿದ್ದರು!

ಹಾಗಂತ ಬತ್ತ ಪೂರ್ತಿ ಕೊಯ್ಲಾಗುವ ಡಿಸೆಂಬರಿಗೆ ತಳ್ಳಲೂ ಆಗದು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕನೇ ಭಾನುವಾರಕ್ಕೆ, ಯೇಸುವಿನ ಬರುವಿಕೆಗೆ ಸಿದ್ಧವಾಗುವ ಆಗಮನ ಕಾಲ ಶುರು. ಅದು ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬೀಳುತ್ತದೆ. ಅಲ್ಲಿಂದ ಬಲಿಪೀಠಕ್ಕೆ ನೇರಳೆ ಬಟ್ಟೆ, ಸಂಜೆಗೆ ಮನೆಮನೆಗೆ ಹೋಗಿ ಕ್ರಿಸ್‌ಮಸ್ ಹಾಡು ಹಾಡುವ ಕ್ಯಾರಲ್ ರೌಂಡು. ಇನ್ನು ದೀಪಾವಳಿ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದೊಳಗೆ ಎಲ್ಲಿ ಬೇಕಾದರೂ ಬರಬಹುದು. ಆ ವಾರ ಟ್ರ್ಯಾಕ್ಟರ್ ಸಿಗುವುದಿಲ್ಲ, ಆಳೂ ಸಿಗುವುದಿಲ್ಲ. ನಮ್ಮವರ ಎಷ್ಟೋ ಮನೆಗಳಲ್ಲಿ ನೆಂಟರು ಹಬ್ಬ ಮಾಡುವವರೇ, ಅಲ್ಲಿಗೆ ಹೋಗದೆ ಇರಲು ಆಗುತ್ತದಾ? ಎಲ್ಲ ಕಳೆದು ನೋಡಿದರೆ ಉಳಿಯುವುದು ನವೆಂಬರಿನ ಎರಡನೇ ಅಥವಾ ಮೂರನೇ ಭಾನುವಾರ. ಮೆಕ್ಕೆಜೋಳ ಮುರಿದು ಕಣಕ್ಕೆ ಬಂದಿರುತ್ತದೆ, ಬತ್ತದ ಮುಂಚಿನ ಗದ್ದೆಗಳು ಹೊಂಬಣ್ಣಕ್ಕೆ ತಿರುಗಿರುತ್ತವೆ. ಈ ಲೆಕ್ಕ ಒಪ್ಪಿಸಲು ಬೇಕಾದಷ್ಟು ಮಾತಾಡಬೇಕಾಯಿತು.

ನನಗೆ ಹೆಚ್ಚು ಖುಷಿ ಕೊಟ್ಟಿದ್ದು ಮಾತ್ರ ಮೇ ತಿಂಗಳಿನದು. ಆಂಗ್ಲಿಕನ್ ಪಂಚಾಂಗದಲ್ಲಿ ರೊಗೇಷನ್ ಭಾನುವಾರ ಅಂತ ಒಂದಿದೆ. ಯೇಸು ಸ್ವರ್ಗಕ್ಕೆ ಏರಿದ್ದನ್ನು ನೆನೆಯುವ ಸ್ವರ್ಗಾರೋಹಣದ ಗುರುವಾರಕ್ಕೆ ಮುಂಚಿನ ಭಾನುವಾರ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಆ ದಿನಗಳಲ್ಲಿ ಊರಿನ ಗಡಿ ಸುತ್ತಿ, ಹೊಲದ ಹತ್ತಿರ ನಿಂತು ಬೆಳೆಗಾಗಿ ಪ್ರಾರ್ಥಿಸುತ್ತಿದ್ದರು. ಅಲ್ಲಿ ಆ ಹೊತ್ತಿಗೆ ಪೈರು ಬೆಳೆದು ನಿಂತಿರುತ್ತದೆ. ನಮಗೆ ಅದು ಸಾಮಾನ್ಯವಾಗಿ ಮೇನಲ್ಲಿ ಬರುತ್ತದೆ, ಹೊಲ ಹಸನು ಮಾಡಿ ಎಲ್ಲರೂ ಮುಗಿಲು ನೋಡುವ ಹೊತ್ತು. ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ ಅಂತ ನಮ್ಮ ಅಜ್ಜಿಯರು ಅನ್ನುತ್ತಿದ್ದ ಕಾಲಕ್ಕೆ ಸ್ವಲ್ಪ ಮುಂಚೆ. ಬಿತ್ತನೆ ಬೀಜವನ್ನೇ ಚರ್ಚಿಗೆ ತನ್ನಿ ಅಂತ ಹೇಳಿದೆವು. ಒಂದು ಕಟ್ಟಪ್ಪಣೆ ಮಾತ್ರ: ಪ್ಯಾಕೆಟ್ ಒಡೆಯಬಾರದು. ಹೈಬ್ರಿಡ್ ಬೀಜಕ್ಕೆ ಗುಲಾಬಿ ಬಣ್ಣದ ಜೊತೆ ಔಷಧಿಯನ್ನೂ ಲೇಪಿಸಿರುತ್ತಾರೆ. ಸಂಡೇ ಸ್ಕೂಲ್ ಮಕ್ಕಳ ಕೈಗೆ ಅದನ್ನು ಕೊಟ್ಟು ಮೆರವಣಿಗೆ ಮಾಡಿಸುವುದು ನೋಡಲು ಚಂದ, ಆದರೆ ಬೇಡ. ಮಕ್ಕಳ ಕೈಗೆ ಮನೆಯಲ್ಲೇ ಕಟ್ಟಿಟ್ಟ ಅವರೆ, ತೊಗರಿ ಬೀಜ ಕೊಡುತ್ತೇವೆ. ಅದಕ್ಕೆ ಬೂದಿ ಬಿಟ್ಟರೆ ಬೇರೇನೂ ಹಚ್ಚಿರುವುದಿಲ್ಲ.

ಅವತ್ತು ಬೀಜ ತಂದವರ ಹೆಸರು ಬರೆದಿಟ್ಟುಕೊಳ್ಳುತ್ತೇವೆ. ನವೆಂಬರಿನಲ್ಲಿ ತೆನೆ ಕೇಳಲು ಅದೇ ಪಟ್ಟಿ. ಮಳೆ ಕೈಕೊಟ್ಟವರ ಮನೆಗೆ ಕೇಳಲು ಹೋಗುವುದಿಲ್ಲ, ಸುಮ್ನೆ ನೋಡಿ ಮಾತಾಡಿಸಿಕೊಂಡು ಬರುತ್ತೇವೆ.

ಹಬ್ಬದ ತಯಾರಿಯಲ್ಲಿ ಜಾಸ್ತಿ ತಲೆನೋವು ಕೊಡುವುದು ಮೆಕ್ಕೆಜೋಳವೇ. ಮುರಿದ ಹೊಸದರಲ್ಲಿ ಕಾಳಿನ ತೇವ ಶೇಕಡಾ 25ರ ಮೇಲಿರುತ್ತದೆ. ವ್ಯಾಪಾರಿಗಳು ಕೇಳುವುದು 14. ಹಸಿ ಕಾಳನ್ನು ಚೀಲದಲ್ಲಿ ತುಂಬಿ ಚರ್ಚಿನ ಹಾಲ್‌ನಲ್ಲಿಟ್ಟರೆ ಎರಡು ದಿನದಲ್ಲಿ ಬಿಸಿಯೇರಿ ಮುಗ್ಗಲು ವಾಸನೆ ಬರುತ್ತದೆ. ಅದಕ್ಕೇ ಒಣಗಿಸಿದ ಕಾಳನ್ನು ಮಾತ್ರ ಚೀಲದಲ್ಲಿ ತೆಗೆದುಕೊಳ್ಳುತ್ತೇವೆ. ಹಸಿ ಇದ್ದವರು ಅಲಂಕಾರಕ್ಕೆ ತೆನೆ ತಂದರೆ ಸಾಕು. ಕಂಬಗಳಿಗೆ ಕಬ್ಬು, ಬಾಳೆ ಕಟ್ಟುತ್ತೇವೆ. ಚನ್ನಗಿರಿ ಕಡೆಯವರು ಅಡಿಕೆ ಗೊನೆ ತಂದರೆ ಅದಕ್ಕೆ ಬಲಿಪೀಠದ ಎಡಕ್ಕೆ ಜಾಗ. ಬತ್ತದ ತೆನೆಯ ತೋರಣ ಬಾಗಿಲಿಗೆ. ಓದುವ ಪಾಠ ಬೈಬಲಿನ ಧರ್ಮೋಪದೇಶಕಾಂಡ 26, ಪ್ರಥಮಫಲವನ್ನು ಪುಟ್ಟಿಯಲ್ಲಿಟ್ಟು ತರುವ ಭಾಗ.

ಆರಾಧನೆ ಮುಗಿದ ಮೇಲೆ ಸವಾಲು, ಅಂದರೆ ಅರ್ಪಿಸಿದ್ದರ ಹರಾಜು. ಸ್ತ್ರೀಯರ ಸಂಘದವರ ಮಂಡಕ್ಕಿ-ಮಿರ್ಚಿ ಸ್ಟಾಲ್ ಪಕ್ಕದಲ್ಲೇ ಇರಬೇಕು. ದೂರ ಇಟ್ಟರೆ ಜನ ಅಲ್ಲೇ ಉಳಿದುಬಿಡುತ್ತಾರೆ. ಮೊದಲು ಕುಂಬಳಕಾಯಿ, ಮೊಟ್ಟೆಯಂಥ ಚಿಕ್ಕ ಸಾಮಾನು ಕೂಗಬೇಕು. ದೊಡ್ಡ ಚೀಲಗಳನ್ನು ಮೊದಲೇ ಕೂಗಿದರೆ ಕಡಿಮೆ ದುಡ್ಡಿನವರು ಎದ್ದು ಹೋಗುತ್ತಾರೆ. ನಾಟಿ ಕೋಳಿ ಮಧ್ಯದಲ್ಲಿ, ಆಗ ನಗು ಜಾಸ್ತಿ. ಗೆದ್ದವರು ಮತ್ತೆ ಚರ್ಚಿಗೇ ಅರ್ಪಿಸಿದರೆ ಅದೇ ಕೋಳಿಯನ್ನು ಮತ್ತೆ ಕೂಗುತ್ತೇವೆ. ಹೀಗೆ ಒಂದು ನಿಂಬೆಹಣ್ಣು ಚೀಲ ಅಕ್ಕಿಗಿಂತ ಹೆಚ್ಚು ದುಡ್ಡು ತರುವುದುಂಟು. ಯಾರು ಎಷ್ಟು ಕೊಟ್ಟರು ಅಂತ ಮೈಕಿನಲ್ಲಿ ಓದಬೇಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಟ್ಟು ಮೊತ್ತ ಓದಿದರೆ ಸಾಕು. ಸಾಲ ಹೇಳುವಂತಿಲ್ಲ, ಕೂಗಿದ ಕೂಡಲೇ ನಗದು ಅಥವಾ ಫೋನ್‌ಪೇ.

ಅಕ್ಕಿ, ಬೇಳೆಯಲ್ಲಿ ಒಂದು ಪಾಲನ್ನು ಸವಾಲಿಗೆ ಇಡುವುದೇ ಇಲ್ಲ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಬಡವರಿಗೂ ಪರದೇಶಿಗೂ ಬಿಡು ಅಂತ ಯಾಜಕಕಾಂಡ 19ರಲ್ಲಿ ಇದೆಯಲ್ಲ, ಅದರ ಪ್ರಕಾರ. ಸೋಮವಾರ ಯುವಜನ ಸಂಘದವರು ಅದನ್ನು ಒಂಟಿ ಮುದುಕರ ಮನೆಗಳಿಗೆ ಮುಟ್ಟಿಸುತ್ತಾರೆ, ಯಾವ ಸಭೆ, ಯಾವ ಜಾತಿ ಅಂತ ಕೇಳದೆ. ಮಂಗಳವಾರದೊಳಗೆ ಲೆಕ್ಕ ಬರೆದು ಖಜಾಂಚಿಗೆ ಕೊಟ್ಟರೆ ನನ್ನ ಕೆಲಸ ಮುಗಿಯಿತು. ಕ್ಯಾರಲ್ ರೌಂಡಿಗೆ ವ್ಯಾನು, ಡ್ರಮ್ಮು, ಟಾರ್ಚು ಹೊಂದಿಸುವ ಗೋಜು ಬೇರೆಯವರದು. ಅದಕ್ಕೆ ನಾನು ಕೈ ಹಾಕುವುದಿಲ್ಲ.