ಫ್ರೆಟ್‌ಲೆಸ್ ಬಾಸ್‌ಗೂ ಬೀಟೆಗೂ ಸೂಪರ್‌ಗ್ಲೂ ಲೇಪನ: ನಾನು ಮಾಡುವ ಬಗೆ

ಗಿಟಾರ್ ಮಾಡುವಾಗ ನಾನು ಸೂಪರ್‌ಗ್ಲೂ ಅನ್ನು ಅಂಟಿಸಲು ಬಳಸುವುದಕ್ಕಿಂತ ಹೆಚ್ಚಾಗಿ ಮರದ ಮೇಲಿನ ಲೇಪನವಾಗಿ ಬಳಸುತ್ತೇನೆ. ಎಲ್ಲ ಕಡೆಗೂ ಅಲ್ಲ. ಫ್ರೆಟ್‌ಲೆಸ್ ಬಾಸ್‌ನ (ಫ್ರೆಟ್ ಎಂಬ ಅಡ್ಡ ಲೋಹದ ಪಟ್ಟಿಗಳಿಲ್ಲದ ಬಾಸ್ ಗಿಟಾರ್) ಫಿಂಗರ್‌ಬೋರ್ಡ್, ಅಂದರೆ ಬೆರಳೊತ್ತುವ ಹಲಗೆ, ತುದಿಯ ಹೆಡ್‌ಸ್ಟಾಕ್‌ನ ಮುಖ, ಸೌಂಡ್‌ಹೋಲ್ ಸುತ್ತಲಿನ ಅಲಂಕಾರದ ಉಂಗುರವಾದ ರೊಸೆಟ್, ಬೀಟೆ (ರೋಸ್‌ವುಡ್) ಮರದ ರಂಧ್ರ ತುಂಬುವ ಕೆಲಸ, ಇಷ್ಟಕ್ಕೇ. ಅಕೌಸ್ಟಿಕ್ ಗಿಟಾರ್‌ನ ಸ್ಪ್ರೂಸ್ ಮುಂಬದಿಗೆ ಹಾಕುವುದಿಲ್ಲ. ಮೂರು ಮಿಲಿಮೀಟರ್ ಕೂಡ ದಪ್ಪವಿಲ್ಲದ ಆ ಹಲಗೆ ಕಂಪಿಸಿದರೇ ನಾದ. ಅದರ ಮೇಲೆ ಗಡುಸಾದ ಪದರ ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲದೆ ತೆಳು ಅಂಟು ಸ್ಪ್ರೂಸ್ ಒಳಗೆ ಇಳಿದರೆ ಬೀಳುವ ಕಲೆ ಆಮೇಲೆ ಹೋಗುವುದಿಲ್ಲ.

ಅಂಗಡಿಯಲ್ಲಿ ಫೆವಿಕ್ವಿಕ್ ಎಂದು ಕೇಳಿದರೆ ಸಿಗುವುದೂ ಇದೇ ಜಾತಿಯ ವಸ್ತು, ಸಯನೋಅಕ್ರಿಲೇಟ್. ಆದರೆ ಅರ್ಧ ಗ್ರಾಂ ಟ್ಯೂಬಿನಲ್ಲಿ ಲೇಪನದ ಕೆಲಸ ಆಗದು. 20 ಅಥವಾ 50 ಗ್ರಾಂ ಬಾಟಲಿ ಬೇಕು, ಅದರಲ್ಲೂ ಎರಡು ಬಗೆ: ನೀರಿನಷ್ಟೇ ತೆಳುವಾದದ್ದು ಒಂದು, ಅಡುಗೆ ಎಣ್ಣೆಗಿಂತ ಸ್ವಲ್ಪ ಮಂದವಾದ ಮೀಡಿಯಂ ಒಂದು. ಮೊದಲನೆಯದು ಮರದೊಳಗೆ ಇಳಿಯಲು, ಎರಡನೆಯದು ಮೇಲೆ ಪದರ ಕಟ್ಟಲು. ಜೆಲ್ ಮಾದರಿ ಈ ಕೆಲಸಕ್ಕೆ ಬರುವುದಿಲ್ಲ.

ಶುರು ಮಾಡುವ ಮೊದಲು ಒಂದು ವಿಷಯ ತಲೆಯಲ್ಲಿರಬೇಕು. ಇದು ಥಿನ್ನರ್ ಹಾರಿಹೋಗಿ ಒಣಗುವ ವಾರ್ನಿಷ್ ಅಲ್ಲ. ಗಾಳಿಯಲ್ಲೂ ಮರದಲ್ಲೂ ಇರುವ ತೇವ ತಗುಲಿದೊಡನೆ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತವೆ, ಆಗ ಬಿಸಿಯೂ ಏಳುತ್ತದೆ. ತೇವ ಹೆಚ್ಚಾದರೆ, ಪದರ ದಪ್ಪವಾದರೆ, ಬಿಸಿ ಜಾಸ್ತಿಯಾದರೆ ಲೇಪನ ಕೆಡುತ್ತದೆ. ಮುಂದೆ ಹೇಳುವ ಎಲ್ಲ ತೊಂದರೆಗಳ ಬೇರೂ ಇಲ್ಲೇ ಇದೆ.

ಫ್ರೆಟ್‌ಲೆಸ್ ಬಾಸ್‌ಗೆ ಗಟ್ಟಿ ಲೇಪನ ಯಾಕೆ ಬೇಕು ಎಂಬುದು ಅದನ್ನು ನುಡಿಸುವವರಿಗೆ ಗೊತ್ತು. ಫ್ರೆಟ್ ಇಲ್ಲದ ಮೇಲೆ ತಂತಿ ನೇರ ಮರದ ಮೇಲೇ ಉಜ್ಜುತ್ತದೆ, ದುಂಡು ತಂತಿ ಸುತ್ತಿದ ರೌಂಡ್‌ವೌಂಡ್ ತಂತಿಯಂತೂ ಅರದಂತೆ ಕೊರೆಯುತ್ತದೆ. ಹೆಸರಾಂತ ಬಾಸ್ ವಾದಕ ಜಾಕೊ ಪಾಸ್ಟೋರಿಯಸ್ ತನ್ನ ಫೆಂಡರ್ ಜಾಝ್ ಬಾಸ್‌ನ ಬೋರ್ಡಿಗೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದದ್ದು ಇದಕ್ಕೇ. ಎಪಾಕ್ಸಿ ಇಂದಿಗೂ ಒಳ್ಳೆಯದೇ. ಆದರೆ ಅದರ ಒಂದೊಂದು ಕೋಟ್‌ಗೆ ಗಂಟೆಗಟ್ಟಲೆ ಕಾಯಬೇಕು, ಅಳತೆ ತಪ್ಪಿದರೆ ಅಂಟಂಟಾಗಿಯೇ ಉಳಿಯುತ್ತದೆ. ಸೂಪರ್‌ಗ್ಲೂನಲ್ಲಿ ಬೆರೆಸುವ ಗೊಡವೆಯಿಲ್ಲ, ಸವೆದ ಜಾಗವನ್ನಷ್ಟೇ ತುಂಬಿ ಸರಿಮಾಡಲೂ ಬರುತ್ತದೆ.

ಬೋರ್ಡನ್ನು ಅದರ ಕಮಾನಿಗೆ ಹೊಂದುವ ರೇಡಿಯಸ್ ಬ್ಲಾಕ್ ಮೇಲೆ 240, ಆಮೇಲೆ 320 ನಂಬರಿನ ಸ್ಯಾಂಡ್ ಪೇಪರ್ ಹಾಕಿ ಪೂರ್ತಿ ಸಮ ಮಾಡಿಕೊಳ್ಳುತ್ತೇನೆ. ಮರದಲ್ಲಿರುವ ತಗ್ಗು ಲೇಪನದಲ್ಲಿ ಮುಚ್ಚಿಹೋಗುತ್ತದೆ ಎಂದುಕೊಂಡರೆ ಅಲ್ಲೇ ಪದರ ದಪ್ಪವಾಗಿ ಕೂರುತ್ತದೆ. ತಂತಿಗಳನ್ನು ಆನಿಸುವ ನಟ್ ಕೂರುವ ತೋಡಿಗೂ, ನೆಕ್ ಒಳಗಿನ ಸರಳಾದ ಟ್ರಸ್ ರಾಡ್‌ನ ತೂತಿಗೂ ಟೇಪ್. ನೆಕ್‌ನ ಎರಡೂ ಪಕ್ಕಕ್ಕೆ ಬೋರ್ಡಿನ ಅಂಚಿನ ಕೆಳಗಿನಿಂದ ಟೇಪ್ ಹಚ್ಚಿ, ಅದರ ಅಂಚನ್ನು ಉಗುರಿನಿಂದ ಒತ್ತಿ ಕೂರಿಸಬೇಕು. ಸಣ್ಣ ಸಂದಿ ಸಿಕ್ಕರೂ ತೆಳು ಅಂಟು ಒಳಗೆ ನುಗ್ಗುತ್ತದೆ. ಕೊನೆಗೆ ಅಸಿಟೋನ್‌ನಿಂದ ಒರೆಸಿ ಇಪ್ಪತ್ತು ನಿಮಿಷ ಬಿಡುತ್ತೇನೆ. ರೋಸ್‌ವುಡ್, ಎಬನಿ ಎಣ್ಣೆಯ ಮರಗಳು, ಮೇಲಿನ ಎಣ್ಣೆ ತೆಗೆಯದಿದ್ದರೆ ಪದರ ಮುಂದೆಂದೋ ಹೊಪ್ಪಳಿಕೆಯಾಗಿ ಏಳುತ್ತದೆ.

ಹಚ್ಚಲು ಬಟ್ಟೆ ಬೇಡವೇ ಬೇಡ. ಹತ್ತಿಗೆ ಸೂಪರ್‌ಗ್ಲೂ ತಗುಲಿದರೆ ಹೊಗೆಯೇಳುವಷ್ಟು ಬಿಸಿಯಾಗಿ ಚರ್ಮ ಸುಡುತ್ತದೆ. ಹತ್ತಿಯ ಕೈಗವಸು, ಹತ್ತಿ ಅಂಗಿಯ ಉದ್ದ ತೋಳು ಎರಡೂ ಅಪಾಯ. ನಾನು ಪಾಲಿಥೀನ್ ಕವರಿನ ತುಂಡನ್ನು ಬೆರಳಿಗೆ ಸುತ್ತಿಕೊಂಡು ಹಚ್ಚುತ್ತೇನೆ. ಪಾಲಿಥೀನ್‌ಗೆ ಇದು ಹಿಡಿಯುವುದಿಲ್ಲ.

ಮೊದಲ ಎರಡು ಕೋಟ್ ತೆಳು ಅಂಟು. ಹತ್ತು ಸೆಂಟಿಮೀಟರ್ ಉದ್ದಕ್ಕೆ ಐದಾರು ಹನಿ ಬಿಟ್ಟು ಮರದ ಎಳೆಯ ಗುಂಟ ಒಂದೇ ಬಾರಿ ಎಳೆಯುವುದು, ನಂತರ ಮುಂದಿನ ಹತ್ತು ಸೆಂಟಿಮೀಟರ್. ಎಳೆದ ಜಾಗಕ್ಕೆ ಮತ್ತೆ ಬೆರಳು ಹೋಗಬಾರದು. ಕೆಲವೇ ಸೆಕೆಂಡಿನಲ್ಲಿ ಅಂಟು ಬಿಗಿಯತೊಡಗುತ್ತದೆ, ಆಮೇಲೆ ಮುಟ್ಟಿದರೆ ಗೀರು, ಉಂಡೆ, ಕವರಿನ ಗುರುತು ಎಲ್ಲ ಉಳಿಯುತ್ತವೆ. ಇವು ಗಟ್ಟಿಯಾದ ಮೇಲೆ 320ರಲ್ಲಿ ಹಗುರವಾಗಿ ತಿಕ್ಕಿ ಮೀಡಿಯಂಗೆ ಹೋಗುತ್ತೇನೆ. ಮೀಡಿಯಂ ಎಂಟರಿಂದ ಹತ್ತು ಕೋಟ್, ನಡುವೆ ಅರ್ಧ ಗಂಟೆ ಬಿಡುವು, ಮೂರು ಕೋಟ್‌ಗೊಮ್ಮೆ ಉಬ್ಬಿದ ಜಾಗ ಮಾತ್ರ ತಿಕ್ಕುವುದು. ಬೋರ್ಡಿನ ಮೈ ಕಮಾನಿನಂತಿರುವುದರಿಂದ ಹೆಚ್ಚು ಸುರಿದರೆ ಅಂಟೆಲ್ಲ ಅಂಚಿಗೆ ಇಳಿದು ನಡುವೆ ಬರಿದಾಗುತ್ತದೆ.

ಲೆಕ್ಕ ಹೀಗೆ: 34 ಇಂಚು ಸ್ಕೇಲಿನ (ತಂತಿ ಕಂಪಿಸುವ ಉದ್ದ) ಬಾಸ್‌ನ ಬೋರ್ಡ್ ಸುಮಾರು 60 ಸೆಂಟಿಮೀಟರ್ ಉದ್ದ, ಸರಾಸರಿ ಐದೂವರೆ ಸೆಂಟಿಮೀಟರ್ ಅಗಲ. ಕೊನೆಗೆ 0.15 ಮಿಲಿಮೀಟರ್ ಪದರ ಉಳಿಯಬೇಕಾದರೆ ಅಷ್ಟು ಜಾಗಕ್ಕೆ ಐದು ಗ್ರಾಂ ಚಿಲ್ಲರೆ ಸಾಕು. ಮರ ಹೀರುವುದು, ತಿಕ್ಕಿ ಹೋಗುವುದು, ಕವರಿಗೆ ಮೆತ್ತುವುದು ಸೇರಿ 20 ಗ್ರಾಂ ಬಾಟಲಿ ಒಂದು ಆಗುತ್ತದೆ.

ಅಂಟನ್ನು ಬೇಗ ಗಟ್ಟಿಯಾಗಿಸುವ ಆಕ್ಸಿಲರೇಟರ್ ಸ್ಪ್ರೇ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಲೇಪನದಲ್ಲಿ ಅದನ್ನು ದೂರ ಇಟ್ಟಷ್ಟೂ ಒಳ್ಳೆಯದು. ಹಸಿ ಪದರದ ಮೇಲೆ ಸಿಂಪಡಿಸಿದರೆ ಬಿಸಿ ಒಮ್ಮೆಲೇ ಎದ್ದು ಅಂಟು ಕುದಿದಂತಾಗಿ ಬಿಳಿ ನೊರೆ ಸಿಕ್ಕಿಕೊಳ್ಳುತ್ತದೆ, ಆ ಬಿಳುಪನ್ನು ತಿಕ್ಕಿಯೇ ತೆಗೆಯಬೇಕು. ಪದರವೂ ಪೆಡಸಾಗುತ್ತದೆ. ಅಂಚಿನಲ್ಲಿ ಹರಿಯುತ್ತಿರುವ ಹನಿಯನ್ನು ತಡೆಯಲೇಬೇಕು ಎಂದಾಗ ಮಾತ್ರ, ಒಂದಡಿ ದೂರದಿಂದ, ಒಂದೇ ಒಂದು ಬಾರಿ.

ಹವೆಯ ತೇವಾಂಶ ಶೇ. 40ರಿಂದ 60ರ ನಡುವೆ ಇದ್ದರೆ ಕೆಲಸ ಸಲೀಸು. ಮಂಗಳೂರು, ಕಾರವಾರದ ಕಡೆಯಾಗಲಿ, ಮಳೆಗಾಲದ ಬೆಂಗಳೂರಾಗಲಿ, ಶೇ. 80 ದಾಟಿದ ದಿನ ನಾನು ಹಚ್ಚುವುದಿಲ್ಲ. ಮೇಲ್ಮೈ ಬೇಗ ಬಿಗಿದು ಒಳಗೆ ಮೃದುವಾಗಿ ಉಳಿಯುತ್ತದೆ, ಜೊತೆಗೆ ಅಂಟಿನ ಆವಿ ಗಾಳಿಯಲ್ಲೇ ಗಟ್ಟಿಯಾಗಿ ಸುತ್ತಮುತ್ತ ಬಿಳಿ ಪುಡಿಯಾಗಿ ಕೂರುತ್ತದೆ. ಮೇಲೆ ಮಾತ್ರ ಕೂತ ಪುಡಿ ತಿಕ್ಕಿದರೆ ಹೋಗುತ್ತದೆ, ಎರಡು ಕೋಟ್‌ಗಳ ನಡುವೆ ಸಿಕ್ಕಿದ್ದು ಮಂಜಿನಂತೆ ಉಳಿದುಬಿಡುತ್ತದೆ. ಕೋಣೆಯ ಗಾಳಿ ನಿಧಾನವಾಗಿ ಹೊರಹೋಗುವಂತೆ ಎಕ್ಸಾಸ್ಟ್ ಫ್ಯಾನ್ ಇರಬೇಕು. ಈ ಆವಿ ಗಾಳಿಗಿಂತ ಭಾರ, ಬೆಂಚಿನ ಮಟ್ಟದಲ್ಲೇ ಸುಳಿದು ಬಗ್ಗಿದ ಮುಖಕ್ಕೇ ಬರುತ್ತದೆ. ಧೂಳಿನ ಮಾಸ್ಕ್ ಇದನ್ನು ತಡೆಯುವುದಿಲ್ಲ, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು, ಕಣ್ಣಿಗೆ ಮುಚ್ಚಿದ ಕನ್ನಡಕ. ಅಸ್ತಮಾ ಇರುವವರು ಈ ಕೆಲಸಕ್ಕೆ ಕೈಹಾಕದಿರುವುದು ಮೇಲು. ರೆಪ್ಪೆ ಅಂಟಿದರೆ ಬಲವಂತವಾಗಿ ಬಿಡಿಸಬಾರದು, ಅಸಿಟೋನ್ ಹತ್ತಿರವೂ ತರಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸುತ್ತ ವೈದ್ಯರ ಬಳಿಗೆ ಹೋಗಬೇಕು.

ಕೊನೆಯ ಕೋಟ್ ಆದ ಮೇಲೆ ಒಂದು ದಿನ ಪೂರ್ತಿ ಬಿಟ್ಟು 400ರಲ್ಲಿ ರೇಡಿಯಸ್ ಬ್ಲಾಕ್ ಓಡಿಸುತ್ತೇನೆ. ದೀಪವನ್ನು ಬೋರ್ಡಿನ ಒಂದು ತುದಿಯಲ್ಲಿ ತಗ್ಗಿಸಿ ಇಟ್ಟು ನೋಡಿದರೆ ಸಮವಾದ ಜಾಗ ಮಾಸಲಾಗಿ, ತಗ್ಗು ಜಾಗ ಹೊಳೆಯುವ ಚುಕ್ಕೆಯಾಗಿ ಕಾಣುತ್ತದೆ. ಆ ಚುಕ್ಕೆಗಳಿಗೆ ಸೂಜಿಮೊನೆಯಿಂದ ಒಂದೊಂದು ಹನಿ ಮೀಡಿಯಂ ಇಟ್ಟು, ಗಟ್ಟಿಯಾದ ಮೇಲೆ ಮತ್ತೆ ಸಮ ಮಾಡುವುದು. ಚುಕ್ಕೆ ಎಲ್ಲ ಮಾಯವಾಗುವ ತನಕ 600ಕ್ಕೆ ಹೋಗಬಾರದು. ಆಮೇಲೆ 800, ಮತ್ತೆ ವಾಟರ್ ಪೇಪರ್ 1000, 1500, 2000, ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿಕೊಂಡು. ಅಂಚಿನಲ್ಲಿ ಒತ್ತಡ ಬೇಡ, ಪದರ ಮೊದಲು ಸವೆದು ಹೋಗುವುದು ಅಲ್ಲೇ. ಪಾಲಿಷಿಂಗ್ ಕಾಂಪೌಂಡ್ ಅನ್ನು ಕೈಯಲ್ಲೇ ಹಚ್ಚಿ ಉಜ್ಜುತ್ತೇನೆ. ಬಫಿಂಗ್ ವೀಲ್ ಒಂದೇ ಕಡೆ ನಿಂತರೆ ಬಿಸಿಗೆ ಪದರ ಮೆತ್ತಗಾಗಿ ಎಳೆದುಕೊಂಡು ಹೋಗುತ್ತದೆ.

ಬೀಟೆಯ ಕೆಲಸ ಬೇರೆ ತರಹದ್ದು. 1969ರಲ್ಲಿ ಅಮೆರಿಕದ ಗಿಟಾರ್ ತಯಾರಕ ಮಾರ್ಟಿನ್ ಕಂಪನಿ ಬ್ರೆಜಿಲ್ ರೋಸ್‌ವುಡ್‌ನಿಂದ ಭಾರತದ ರೋಸ್‌ವುಡ್‌ಗೆ ಹೊರಳಿದ ಮೇಲೆ ಜಗತ್ತಿನ ಎಷ್ಟೋ ಗಿಟಾರ್‌ಗಳ ಬೆನ್ನಿಗೂ ಪಕ್ಕಕ್ಕೂ ಕೂತದ್ದು ನಮ್ಮ ಪಶ್ಚಿಮ ಘಟ್ಟದ ಈ ಮರವೇ. ಇದರ ರಂಧ್ರ ದೊಡ್ಡದು, ಬಣ್ಣ ಬಿಡುವ ಗುಣವೂ ಜಾಸ್ತಿ. ಅಸಿಟೋನ್ ಅಥವಾ ತೆಳು ಅಂಟು ತಗುಲಿದರೆ ನೇರಳೆ ಬಣ್ಣ ಹರಿದು ಪಕ್ಕದ ಮೇಪಲ್ ಬೈಂಡಿಂಗ್‌ಗೂ (ಅಂಚಿನ ಪಟ್ಟಿ) ಸ್ಪ್ರೂಸ್ ಅಂಚಿಗೂ ಇಳಿಯುತ್ತದೆ. ಹಾಗಾಗಿ ಆ ಬಿಳಿ ಭಾಗಗಳಿಗೆ ಮೊದಲೇ ಸಣ್ಣ ಬ್ರಷ್‌ನಲ್ಲಿ ಮೂರು ಕೈ ಶೆಲ್ಯಾಕ್ (ಅರಗಿನ ಪಾಲಿಷ್) ಬಳಿದಿರಬೇಕು. ರೊಸೆಟ್ ಸುತ್ತಲಿನ ಸ್ಪ್ರೂಸ್‌ಗೂ ಇದೇ ರಕ್ಷೆ.

ಬೀಟೆಗೆ ಮೀಡಿಯಂ ಅಂಟನ್ನು ಅಂಗೈಯಗಲ ಜಾಗಕ್ಕೆ ಸುರಿದು, ಪ್ಲಾಸ್ಟಿಕ್ ಕಾರ್ಡಿನಿಂದ ಎಳೆಗೆ ಓರೆಯಾಗಿ ಎಳೆದರೆ ರಂಧ್ರದೊಳಗೆ ಕೂರುತ್ತದೆ. ಹೆಚ್ಚಾದದ್ದನ್ನು ಅದೇ ಎಳೆತದಲ್ಲಿ ಬಳಿದು ತೆಗೆಯಬೇಕು. ಮರುದಿನ 220ರಲ್ಲಿ ಬರಿಮರ ಕಾಣುವವರೆಗೆ ತಿಕ್ಕಿ ಇನ್ನೊಂದು ಸುತ್ತು. ಎರಡೂ ಸುತ್ತು ಸೇರಿ ಪೂರ್ಣ ಗಾತ್ರದ ಗಿಟಾರ್‌ಗೆ 50 ಗ್ರಾಂ ಹಿಡಿಯುತ್ತದೆ. ಸಾಮಾನ್ಯ ಫಿಲ್ಲರ್ ಕಾಲ ಕಳೆದಂತೆ ರಂಧ್ರದಲ್ಲಿ ಬೂದು ಬಣ್ಣಕ್ಕೆ ತಿರುಗುವುದುಂಟು. ಇದು ಪಾರದರ್ಶಕವಾಗಿರುವುದರಿಂದ ಎಳೆ ಆಳವಾಗಿ, ಕಪ್ಪಾಗಿಯೇ ಕಾಣುತ್ತದೆ. ಮೇಲೆ ಶೆಲ್ಯಾಕ್ ಅಥವಾ ನೈಟ್ರೋ ಲ್ಯಾಕರ್ ಚೆನ್ನಾಗಿ ಕೂರುತ್ತದೆ. ಎಣ್ಣೆ ಪಾಲಿಷ್ ಮಾತ್ರ ಬೇಡ, ಅಂಟು ಉಳಿದ ಜಾಗ ಎಣ್ಣೆ ಕುಡಿಯದೆ ಮಚ್ಚೆ ಮಚ್ಚೆಯಾಗುತ್ತದೆ.

ತೆರೆಯದ ಬಾಟಲಿ ಫ್ರಿಜ್‌ನಲ್ಲಿರಲಿ. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ಬಿಚ್ಚಬಾರದು, ತಣ್ಣನೆಯ ಬಾಟಲಿಯೊಳಗೆ ನೀರಿನ ಪಸೆ ಕಟ್ಟಿದರೆ ಅಂಟು ಒಳಗೇ ಕೆಡುತ್ತದೆ. ತೆರೆದದ್ದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಗೆ. ತೆಳು ಅಂಟು ಮಂದವಾಗಿ ನೂಲೆಳೆಯತೊಡಗಿದರೆ ಲೇಪನಕ್ಕೆ ಅದು ಮುಗಿದಂತೆ, ಕೆಲಸದ ಅಚ್ಚುಗಳಾದ ಜಿಗ್ ಅಂಟಿಸಲು ಇಟ್ಟುಕೊಳ್ಳಬಹುದು.